ಮುನ್ನೂರು ಓಮ್

ಪೆಟ್ಟಿಗೆಯ ಹಿಂಬದಿಯ ಕೊನೆಯ ಸ್ಕ್ರೂ ಬಿಚ್ಚಿ ಕನಕಮ್ಮ ತಗಡನ್ನು ಪಕ್ಕಕ್ಕಿಟ್ಟರು. ಒಳಗೆ ಎರಡು ಬೆರಳು ಹಾಕಿ ಬ್ಯಾಟರಿಯನ್ನು ಹೊರಗೆ ಎಳೆದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ರೇಡಿಯೋಕ್ಕ ಹಾಕೋ ಬ್ಯಾಟರಿ ಐತಲ್ರಿ," ಎಂದರು. "ನಮ್ಮ ಮನ್ಯಾಗಿನ ಟ್ರಾನ್ಸಿಸ್ಟರಿಗೂ ಇದನ್ನ ಹಾಕ್ತೀವಿ. ಇದು ಇದರಾಗ ಯಾಕೈತಿ?"

ಸಬ್ ಇನ್‌ಸ್ಪೆಕ್ಟರ್ ಹಾಲೇಶಪ್ಪ ಬಗ್ಗಿ ನೋಡಿದ. ಇಂಥದ್ದೊಂದು ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಅವನು ಪೆಟ್ಟಿಗೆಯನ್ನು ಜೀಪಿನಲ್ಲಿಟ್ಟುಕೊಂಡು ಕೊಟ್ಟೂರಿನ ಕಾಲೇಜಿಗೆ ಬಂದಿದ್ದ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಕನಕಮ್ಮನವರ ಹೆಸರನ್ನು ಅವನಿಗೆ ಹೇಳಿದ್ದು ಕೋರ್ಟಿನ ಗುಮಾಸ್ತ. ಪೆಟ್ಟಿಗೆಯ ಸೀಲು ಒಡೆಯಲು ಕೋರ್ಟು ಕೊಟ್ಟ ಅನುಮತಿ ಅಂದು ಸಂಜೆಗೆ ಮುಗಿಯುತ್ತಿತ್ತು.

ಹನ್ನೊಂದು ದಿನಗಳ ಹಿಂದೆ ಗುಡೇಕೋಟೆಯ ಆಚೆಗಿನ ಕಲ್ಲು ಕ್ವಾರಿಯಲ್ಲಿ, ಮದ್ದು ತುಂಬಿದ ನಾಲ್ಕು ಕುಳಿಗಳ ತಂತಿ ಎಲ್ಲೂ ಕಡಿದಿಲ್ಲವಷ್ಟೇ ಎಂದು ಇದೇ ಪೆಟ್ಟಿಗೆಯಿಂದ ಪರೀಕ್ಷೆ ಮಾಡುತ್ತಿದ್ದಾಗ ನಾಲ್ಕೂ ಕುಳಿಗಳು ಒಮ್ಮೆಗೇ ಸಿಡಿದಿದ್ದವು. ಬಂಡೆಯ ಬುಡದಲ್ಲಿ ತಂತಿಯ ಗಂಟು ಕಟ್ಟುತ್ತಿದ್ದ ಉಚ್ಚಂಗೆಪ್ಪ ಅಲ್ಲೇ ಸತ್ತ. ಪೆಟ್ಟಿಗೆ ಹಿಡಿದಿದ್ದ ಮದ್ದಿನ ಮೇಸ್ತ್ರಿ ರಾಜಾಸಾಬನ ಎರಡೂ ಕಣ್ಣಿಗೆ ಕಲ್ಲಿನ ಚೂರು ಹೊಕ್ಕಿತು.

ಮೇಸ್ತ್ರಿ ಪರೀಕ್ಷೆಯ ಪೆಟ್ಟಿಗೆಯ ಬದಲು ಸಿಡಿಸುವ ಯಂತ್ರಕ್ಕೇ ತಂತಿ ಸಿಕ್ಕಿಸಿಬಿಟ್ಟ ಎಂದು ಕ್ವಾರಿಯವರು ಬರೆದುಕೊಟ್ಟಿದ್ದರು. ರಾಜಾಸಾಬನೂ ಅದನ್ನು ಅಲ್ಲಗಳೆದಿರಲಿಲ್ಲ. ಹೇಳಿಕೆ ತೆಗೆದುಕೊಳ್ಳಲು ಬಳ್ಳಾರಿಗೆ ಹೋಗಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಅವನು ಹೇಳಿದ್ದು ಒಂದೇ ಮಾತು: ನನ್ನ ಕೈಯಿಂದಲೇ ಆಯಿತು. ನಾಳೆ ಬೆಳಿಗ್ಗೆ ಅವನ ಮೇಲೆ ದೋಷಾರೋಪಣೆಯ ಪಟ್ಟಿ ಕೂಡ್ಲಿಗಿಯ ಕೋರ್ಟಿಗೆ ಹೋಗಬೇಕಿತ್ತು.

ಹಾಲೇಶಪ್ಪನ ನಿದ್ದೆ ಕೆಡಿಸಿದ್ದು ಬೇರೆಯದೇ ಒಂದು ಸಂಗತಿ. ಹೋದ ವರ್ಷ ಅದೇ ಕ್ವಾರಿಯಲ್ಲಿ ಇಬ್ಬರು ಕೂಲಿಯವರು ಬಂಡೆಯಡಿ ಸಿಕ್ಕು ಸತ್ತಿದ್ದರು. ಅವರ ಹೆಸರು ಹಾಜರಿ ಪುಸ್ತಕದಲ್ಲೇ ಇರಲಿಲ್ಲ. ಅದಕ್ಕೆ ಸಾಕ್ಷಿ ಹೇಳಲು ಬಳ್ಳಾರಿಯ ಕಾರ್ಮಿಕ ಅಧಿಕಾರಿಯ ಮುಂದೆ ಹೋಗುವುದಾಗಿ ಒಪ್ಪಿಕೊಂಡಿದ್ದವನು ಉಚ್ಚಂಗೆಪ್ಪ. ಸೋಮವಾರ ಹೋಗಬೇಕಾಗಿದ್ದವನು ಶನಿವಾರ ಸತ್ತಿದ್ದ.

ಕನಕಮ್ಮ ಪೆಟ್ಟಿಗೆಯನ್ನು ತಿರುಗಿಸಿ ಮುಂಭಾಗ ತೋರಿಸಿದರು. ಬಿಳಿ ಫಲಕದ ಮೇಲೆ ಒಂದು ಕಪ್ಪು ಮುಳ್ಳು. ಅದರ ಕೆಳಗೆ ಹೆಬ್ಬೆರಳಿನಿಂದ ತಿರುಗಿಸುವ ಮೂರು ಸಣ್ಣ ಗಾಲಿಗಳು, ಪ್ರತಿ ಗಾಲಿಯ ಮೇಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ. ಸ್ಫೋಟವಾದ ಮೇಲೆ ಪೊಲೀಸರು ಕಂಡಂತೆ ಮೂರು ಗಾಲಿಗಳೂ ಸೊನ್ನೆಯಲ್ಲೇ ಇದ್ದವು.

ಗಾಲಿ ತಿರುಗಿಸಿದಂತೆ ಒಳಗಿನ ಸಣ್ಣ ಸ್ವಿಚ್ಚುಗಳು ತೆರೆದು ಮುಚ್ಚಿ, ತಂತಿಯ ದಾರಿಯಲ್ಲಿ ಅಷ್ಟು ಓಮ್ ತಡೆಯನ್ನು ಸೇರಿಸುತ್ತವೆ ಎಂದು ಅವರು ವಿವರಿಸಿದರು. ಮುನ್ನೂರು ಇಟ್ಟರೆ ಮುನ್ನೂರು, ಐನೂರು ಇಟ್ಟರೆ ಐನೂರು. ತಡೆ ಹೆಚ್ಚಾದಷ್ಟೂ ಕರೆಂಟು ಕಡಿಮೆ. ಹೊಸ ನಮೂನೆಯ ಪೆಟ್ಟಿಗೆ, ಈ ಕಡೆ ಇಂಥದ್ದು ತಾವೂ ನೋಡಿಲ್ಲ ಎಂದರು.

ಮುಚ್ಚಳದ ಒಳಗೆ ತಯಾರಕರು ಅಂಟಿಸಿದ್ದ ಇಂಗ್ಲಿಷ್ ಕಾಗದವೊಂದಿತ್ತು. ಕನಕಮ್ಮ ಅದನ್ನು ಎರಡು ಸಲ ಓದಿದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಟಾರ್ಚಿನ ಬಲ್ಬು ತೆಗೆದು, ಪೆಟ್ಟಿಗೆಯ ಎರಡು ತಂತಿಗಳ ನಡುವೆ ಕಟ್ಟಿ, ರೇಡಿಯೋ ಬ್ಯಾಟರಿಯನ್ನು ಮತ್ತೆ ಒಳಗೆ ಕೂರಿಸಿದರು.

"ಈ ಬಲ್ಬನ್ನ ಕುಳಿಯೊಳಗ ಮದ್ದು ಸಿಡಿಸೋ ಕೇಪು ಅನ್ಕೊಳ್ರಿ."

ನೂರರ ಸ್ಥಾನದ ಮೊದಲ ಗಾಲಿಯನ್ನು ಮೂರಕ್ಕೆ ತಂದು ಗುಂಡಿ ಒತ್ತಿದರು. ಮುಳ್ಳು ಅಲುಗಿತು. ಬಲ್ಬು ಹೊತ್ತಲಿಲ್ಲ. ಗಾಲಿಯನ್ನು ಸೊನ್ನೆಗೆ ತಂದು ಮತ್ತೆ ಒತ್ತಿದರು. ಬಲ್ಬು ಹಗಲಿನಲ್ಲೂ ಕಣ್ಣು ಕುಕ್ಕುವಂತೆ ಉರಿಯಿತು.

ಹಾಲೇಶಪ್ಪ ಆ ಬೆಳಕನ್ನೇ ನೋಡುತ್ತಾ ನಿಂತ. ಇಷ್ಟೇ ಕರೆಂಟು ಆ ನಾಲ್ಕು ಕುಳಿಗಳಿಗೆ ಹರಿದಿತ್ತು.

ಹಾಗಾದರೆ ಸೊನ್ನೆಗೆ ತಂದದ್ದೇ ಮೇಸ್ತ್ರಿಯ ತಪ್ಪು ಅಲ್ಲವೇ ಎಂದು ಕೇಳಿದ. ಕನಕಮ್ಮ ಅಲ್ಲವೆಂದು ತಲೆಯಾಡಿಸಿ ಮುಚ್ಚಳದ ಕಾಗದದ ಮೇಲೆ ಬೆರಳಿಟ್ಟರು. ತಯಾರಕರು ತಾವೇ ಕಳಿಸುವ ಬ್ಯಾಟರಿಯನ್ನಲ್ಲದೆ ಬೇರೆ ಯಾವುದನ್ನೂ ಹಾಕಬಾರದೆಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಆ ಬ್ಯಾಟರಿಯ ಹೊಟ್ಟೆಯೊಳಗೇ ಮುನ್ನೂರು ಓಮ್ ತಡೆ ಇರುತ್ತದೆ. ಗಾಲಿ ಸೊನ್ನೆಗೆ ಬಂದರೂ ಅದು ಉಳಿದಿರುತ್ತದೆ, ಕೇಪು ಹಾರುವಷ್ಟು ಕರೆಂಟು ಎಂದೂ ಹೋಗುವುದಿಲ್ಲ.

"ಗಾಲಿ ಮ್ಯಾಲಿನ ಅಂಕಿ ನಾವು ಸೇರಿಸಿದ್ದನ್ನ ಅಷ್ಟೇ ಹೇಳ್ತೈತಿ," ಎಂದರು ಕನಕಮ್ಮ. "ಬ್ಯಾಟರಿಯೊಳಗ ಎಷ್ಟೈತಿ ಅಂತ ಅದಕ್ಕ ಗೊತ್ತಾಗಂಗಿಲ್ರಿ. ರೇಡಿಯೋ ಬ್ಯಾಟರಿಯೊಳಗ ಐದಾರು ಓಮ್ ಇದ್ರ ಹೆಚ್ಚು. ಇದನ್ನ ಹಾಕಿ ಸೊನ್ನಿ ಇಟ್ರ, ನಡುವ ತಡಿಯೋದು ಏನೂ ಉಳಿಯಂಗಿಲ್ಲ."

ಹನ್ನೊಂದು ದಿನಗಳಲ್ಲಿ ಮೊದಲ ಸಲ ಹಾಲೇಶಪ್ಪನಿಗೆ ದಾರಿ ಕಂಡಿತು. ಯಾರೋ ಗುಟ್ಟಾಗಿ ಬ್ಯಾಟರಿ ಬದಲಾಯಿಸಿದ್ದಾರೆ. ಮೇಸ್ತ್ರಿಗೆ ಅದು ಗೊತ್ತಿಲ್ಲ. ದಿನದಂತೆ ಪರೀಕ್ಷೆ ಮಾಡಿದ್ದಾನೆ. ಅಷ್ಟನ್ನು ರುಜುವಾತು ಮಾಡಿದರೆ ನಾಳೆಯ ಕಾಗದವನ್ನು ಹರಿದು ಹಾಕಬಹುದು.

ಕನಕಮ್ಮನವರ ಹೇಳಿಕೆಯನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡು, ಅವನು ಜೀಪು ಹತ್ತಿದ.

ಕ್ವಾರಿಯ ಸ್ಟೋರು ತಗಡಿನ ಮಾಡಿನ ಒಂದೇ ಕೋಣೆ. ಸ್ಟೋರ್‌ಕೀಪರ್ ನಾಗೇಂದ್ರಪ್ಪ ಬಾಗಿಲಲ್ಲಿ ಕುಳಿತು ಸವೆದ ಉಳಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಪೊಲೀಸ್ ಜೀಪು ಕಂಡು ಎದ್ದು ನಿಂತನೇ ಹೊರತು ಗಾಬರಿಯಾಗಲಿಲ್ಲ. ಬಂಡೆಯ ಕಡೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಕೆಲಸ ಒಂದು ದಿನವೂ ನಿಂತಿರಲಿಲ್ಲ.

ಹಾಲೇಶಪ್ಪ ಮಾತಿಗೆ ಮೊದಲು ಬ್ಯಾಟರಿಯನ್ನು ತೆಗೆದು ಅವನ ಮುಂದೆ ಹಿಡಿದ. ಇದನ್ನು ಪೆಟ್ಟಿಗೆಗೆ ಹಾಕಿದವರು ಯಾರು ಎಂದು ಕೇಳಿದ.

ನಾಗೇಂದ್ರಪ್ಪ ಅದನ್ನು ನೋಡಿ, ತಂದವನು ತಾನೇ ಎಂದ. ಕೂಡ್ಲಿಗಿಯ ಅಂಗಡಿಯಿಂದ, ಐದು ತಿಂಗಳ ಹಿಂದೆ.

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಹಾಲೇಶಪ್ಪನಿಗೆ ಹಿಡಿಸಲಿಲ್ಲ. ಕಂಪನಿಯ ಬ್ಯಾಟರಿ ತೆಗೆದು ಇದನ್ನು ಗುಟ್ಟಾಗಿ ಹಾಕಲು ಹೇಳಿದ್ದು ಯಾರು, ಮಾಲೀಕ ವೀರಭದ್ರಯ್ಯನವರೇ ಎಂದು ಒತ್ತಿ ಕೇಳಿದ. ಒಬ್ಬನ ಜೀವ ಹೋಗಿದೆ, ಇನ್ನೊಬ್ಬನ ಕಣ್ಣು ಹೋಗಿದೆ, ಅದು ನಿನ್ನ ತಲೆಗೇ ಬರುತ್ತದೆ ಎಂದೂ ಹೇಳಿದ.

"ಗುಟ್ಟು ಯಾತರದ್ರಿ ಸಾಹೇಬ್ರ," ಎಂದ ನಾಗೇಂದ್ರಪ್ಪ. "ಎಲ್ಲಾರಿಗೂ ಗೊತ್ತಿತ್ತು. ರಾಜಾಸಾಬಗ ಮೊದಲು ಗೊತ್ತಿತ್ತು."

ಕಂಪನಿಯ ಬ್ಯಾಟರಿ ಬರುವುದು ನಿಂತಿತ್ತಂತೆ. ಬರೆದರೆ ಉತ್ತರವಿಲ್ಲ. ಕೆಲಸ ನಿಲ್ಲಿಸಬೇಡಿ, ಒಂಬತ್ತು ವೋಲ್ಟಿನದು ಯಾವುದಾದರೇನು ಎಂದು ವೀರಭದ್ರಯ್ಯ ಹೊಸಪೇಟೆಯಿಂದ ಹೇಳಿ ಕಳಿಸಿದರಂತೆ. ರಾಜಾಸಾಬ ಎರಡು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಬೇರೆ ಮೇಸ್ತ್ರಿಯನ್ನು ಹುಡುಕುತ್ತೇವೆ ಎಂದಾಗ ಮೂರನೆಯ ದಿನ ಬಂದು, ಬ್ಯಾಟರಿ ಕೊಡಿ, ನಾನೇ ಹಾಕಿಕೊಳ್ಳುತ್ತೇನೆ, ಪೆಟ್ಟಿಗೆಯನ್ನು ಮಾತ್ರ ಬೇರೆ ಯಾರೂ ಮುಟ್ಟಬೇಡಿ ಎಂದನಂತೆ. ನಾಗೇಂದ್ರಪ್ಪ ಒಳಗೆ ಹೋಗಿ ಒಂದು ಚೀಟಿ ತಂದ. ಬ್ಯಾಟರಿ ತೆಗೆದುಕೊಂಡದ್ದಕ್ಕೆ ಉರ್ದುವಿನಲ್ಲಿ ರಾಜಾಸಾಬನ ಸಹಿ ಇತ್ತು.

ಹಾಲೇಶಪ್ಪ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಕೊಟ್ಟೂರಿನಿಂದ ಹೊತ್ತು ತಂದಿದ್ದ ನಂಬಿಕೆ ಆ ಒಂದು ಸಹಿಯಲ್ಲಿ ಮುಗಿದು ಹೋಗಿತ್ತು. ಗೊತ್ತಿದ್ದೂ ಹಾಕಿದ, ಗೊತ್ತಿದ್ದೂ ಸೊನ್ನೆಗೆ ತಿರುಗಿಸಿದ. ಇದನ್ನು ಕೋರ್ಟಿಗೆ ಕೊಟ್ಟರೆ ರಾಜಾಸಾಬನ ಶಿಕ್ಷೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

"ನನ್ನ ಹಿಡೀರಿ ಬೇಕಾದ್ರ," ಎಂದ ನಾಗೇಂದ್ರಪ್ಪ, ಚೀಟಿಗಾಗಿ ಕೈ ಚಾಚುತ್ತಾ. "ಬ್ಯಾಟರಿ ತಂದಾಂವ ನಾನು. ಆದ್ರ ಐದು ತಿಂಗಳು ದಿನಾ ಅದರಾಗ ತಂತಿ ಅಳದಾನ್ರಿ ಅವ. ಉಚ್ಚಂಗೆಪ್ಪ ಬಂಡೆ ಬುಡಕ್ಕ ಕುಂತು ಗಂಟು ಕಟ್ಟತಿದ್ದ, ಇವ ಇಲ್ಲಿ ಅಳೀತಿದ್ದ. ಒಮ್ಮಿನೂ ಸಿಡೀಲಿಲ್ಲ. ಅವತ್ತೊಂದಿನ ಯಾಕ ಸಿಡೀತು? ಅದನ್ನ ಹೇಳ್ರಿ ನೋಡೂಣು."

ಇದನ್ನು ಹೇಳುವಾಗ ಸ್ಟೋರ್‌ಕೀಪರನ ಮುಖದಲ್ಲಿ ಇದ್ದದ್ದು ಸಿಟ್ಟೋ, ಸವಾಲೋ, ತನಗೂ ತಿಳಿಯದ ಕಳವಳವೋ ಎಂಬುದು ಹಾಲೇಶಪ್ಪನಿಗೆ ಗೊತ್ತಾಗಲಿಲ್ಲ.

ಪೆಟ್ಟಿಗೆ ರಾತ್ರಿ ಎಲ್ಲಿರುತ್ತಿತ್ತು ಎಂದಷ್ಟೇ ಕೇಳಿದ. ಇದೇ ಕೋಣೆಯ ಕಬ್ಬಿಣದ ಕಪಾಟಿನಲ್ಲಿ. ಬೀಗದ ಕೈ ಎರಡು. ಒಂದು ನಾಗೇಂದ್ರಪ್ಪನ ಉಡಿದಾರದಲ್ಲಿ, ಇನ್ನೊಂದು ವೀರಭದ್ರಯ್ಯನವರ ಹತ್ತಿರ. ಸ್ಫೋಟದ ಹಿಂದಿನ ಸಂಜೆ ಮಾಲೀಕರು ಬಂದಿದ್ದರೇ ಎಂದು ಕೇಳಿದಾಗ ನಾಗೇಂದ್ರಪ್ಪ, ತಾನು ಅಂದು ಬೇಗನೆ ಮನೆಗೆ ಹೋಗಿದ್ದೆ ಎಂದ. ಚೀಟಿಯನ್ನು ಹಾಲೇಶಪ್ಪ ವಾಪಸು ಕೊಡಲಿಲ್ಲ.

ಕೂಡ್ಲಿಗಿಯ ಸರ್ಕಾರಿ ಆಸ್ಪತ್ರೆಗೆ ಅವನು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಕಣ್ಣಿಗೆ ಇನ್ನು ಮಾಡುವಂಥದ್ದೇನೂ ಉಳಿದಿಲ್ಲವೆಂದು ಬಳ್ಳಾರಿಯಿಂದ ರಾಜಾಸಾಬನನ್ನು ಹಿಂದಿನ ದಿನವಷ್ಟೇ ಇಲ್ಲಿಗೆ ಕಳಿಸಿದ್ದರು. ಹಾಲೇಶಪ್ಪ ಗಂಡಹೆಂಡತಿಯನ್ನು ನೋಡುತ್ತಿದ್ದದ್ದು ಇದೇ ಮೊದಲು. ಮಫ್ತಿಯಲ್ಲಿದ್ದ. ಠಾಣೆಯಿಂದ ಬಂದಿದ್ದೇನೆ ಎಂದು ಮಾತ್ರ ಹೇಳಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತ.

ರಾಜಾಸಾಬ ಗೋಡೆಗೆ ಒರಗಿ ಕುಳಿತಿದ್ದ. ಕಣ್ಣಿನ ಮೇಲೆ ದಪ್ಪನೆಯ ಬಟ್ಟೆ. ಹೆಂಡತಿ ಹಮೀದಾ ಬೀ ನೆಲದ ಮೇಲೆ ಕುಳಿತು ಗಂಜಿಯ ತಟ್ಟೆ ತೊಳೆಯುತ್ತಿದ್ದಳು.

ಬ್ಯಾಟರಿಯ ವಿಷಯ ಎತ್ತಿದಾಗ ರಾಜಾಸಾಬ ಸುಳ್ಳು ಹೇಳಲಿಲ್ಲ. ಪೆಟ್ಟಿಗೆ ಹೊಸದಾಗಿ ಬಂದಾಗ ಕಂಪನಿಯ ಮನುಷ್ಯನೊಬ್ಬ ಕ್ವಾರಿಗೆ ಬಂದು, ಬ್ಯಾಟರಿಯೊಳಗೇ ಮುನ್ನೂರು ಇದೆ, ಅದೇ ನಿಮ್ಮನ್ನು ಕಾಯುವುದು ಎಂದು ತಿಳಿಸಿ ಹೋಗಿದ್ದನಂತೆ. ಆ ಮಾತನ್ನು ಅವನು ಮರೆತಿರಲಿಲ್ಲ. ರೇಡಿಯೋ ಬ್ಯಾಟರಿ ಹಾಕಲೇಬೇಕು ಎಂದಾಗ ಎರಡು ದಿನ ಮನೆಯಲ್ಲಿ ಕುಳಿತು ಯೋಚನೆ ಮಾಡಿದ್ದು ಅದನ್ನೇ.

"ಬ್ಯಾಟರಿಯೊಳಗ ಇಲ್ಲಂದ್ರ ಗಾಲಿಯಾಗ ಇಡ್ತೀನಿ ಅಂದೆ ಸಾಬ್," ಎಂದ. "ಮುನ್ನೂರರ ಕೆಳಗ ಎಂದೂ ಇಳಿಸಿಲ್ಲ. ಒಂದು ದಿನಾನೂ ಇಳಿಸಿಲ್ಲ."

ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ ಎಂದು ಅವನ ಹೇಳಿಕೆಯಲ್ಲಿ ಬರೆದಿತ್ತು. ಕನಕಮ್ಮ ಮಧ್ಯಾಹ್ನ ಬಲ್ಬು ಕಟ್ಟಿ ತೋರಿಸಿದ್ದನ್ನೇ ಈ ಮನುಷ್ಯ ಐದು ತಿಂಗಳ ಹಿಂದೆ ತಾನಾಗಿ ಕಂಡುಕೊಂಡಿದ್ದ.

ಹಾಗಾದರೆ ಅಂದು ಮೂರು ಸೊನ್ನೆ ಹೇಗೆ ಬಂದವು ಎಂದು ಹಾಲೇಶಪ್ಪ ಮೆಲ್ಲನೆ ಕೇಳಿದ. ಅಂಕಿ ನೋಡಲಿಲ್ಲವೇ?

ತಟ್ಟೆ ತೊಳೆಯುವ ಸದ್ದು ನಿಂತಿತು.

"ಹೇಳ್ರಿ ಇನ್ನ," ಎಂದಳು ಹಮೀದಾ ಬೀ ಗಂಡನಿಗೆ. "ಇನ್ನ ಯಾತಕ್ಕ ಮುಚ್ಚಿಡ್ತೀರಿ."

ಅವನು ಹೇಳಲಿಲ್ಲವೆಂದು ಅವಳೇ ಹೇಳಿದಳು. ಅವನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಮನುಷ್ಯರು ಕಾಣುತ್ತಿದ್ದರು, ಬಂಡೆ ಕಾಣುತ್ತಿತ್ತು, ಮುಳ್ಳು ಅಲುಗಿದ್ದು ಕಾಣುತ್ತಿತ್ತು. ಗಾಲಿಯ ಮೇಲಿನ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಹೇಳಿದರೆ ಮದ್ದಿನ ಲೈಸೆನ್ಸು ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಸಂಜೆ ಪೆಟ್ಟಿಗೆ ಕಪಾಟಿಗೆ ಹೋಗುವ ಮೊದಲು ಉಚ್ಚಂಗೆಪ್ಪನೇ ಮೊದಲ ಗಾಲಿಯನ್ನು ಒಂಬತ್ತಕ್ಕೆ, ಉಳಿದೆರಡನ್ನು ಸೊನ್ನೆಗೆ ತಂದು ಇಡುತ್ತಿದ್ದ. ಅಂಕಿ ನೋಡಿ ಇಡುತ್ತಾನೆಂದು ಉಳಿದವರು ನಂಬಲಿ ಎಂದು ಬೆಳಿಗ್ಗೆ ರಾಜಾಸಾಬ ಎಲ್ಲರೆದುರು ಮೊದಲ ಗಾಲಿಯನ್ನು ಆರು ಸಲ ಟಿಕ್ ಎನ್ನುವವರೆಗೆ ಕೆಳಗೆ ಇಳಿಸುತ್ತಿದ್ದ. ಒಂಬತ್ತರಿಂದ ಆರು ಇಳಿದರೆ ಮೂರು. ಮುನ್ನೂರು.

"ಅವತ್ತು ಎಣಿಕಿ ತಪ್ಪೀನಿ ಸಾಬ್," ಎಂದ ರಾಜಾಸಾಬ. "ಆರು ಅನ್ಕೊಂತ ಒಂಬತ್ತು ಇಳಿಸೀನಿ. ನಾ ಹೇಳಿದ್ದು ಖರೇ. ನನ್ನ ಕೈಯಿಂದ್ಲೇ ಆತು."

ಹಾಲೇಶಪ್ಪ ಜೀಪಿಗೆ ಹೋಗಿ ಪೆಟ್ಟಿಗೆ ತಂದ. ಒಳಗೆ ಬ್ಯಾಟರಿ ಇರಲಿಲ್ಲ. ಮೊದಲ ಗಾಲಿಯನ್ನು ಒಂಬತ್ತಕ್ಕೆ ತಿರುಗಿಸಿ ರಾಜಾಸಾಬನ ತೊಡೆಯ ಮೇಲಿಟ್ಟು, ದಿನದಂತೆ ಮಾಡಲು ಹೇಳಿದ.

ಅವನ ಹೆಬ್ಬೆರಳು ತಡಕಾಡದೆ ಗಾಲಿಯ ಮೇಲೆ ಕೂತಿತು. ಆರು ಟಿಕ್. ಮುನ್ನೂರು. ಹಾಲೇಶಪ್ಪ ಮತ್ತೆ ಒಂಬತ್ತಕ್ಕೆ ಇಟ್ಟು ಕೊಟ್ಟ. ಮತ್ತೆ ಆರು. ನಡುವೆ ಮಾತಿಗೆಳೆದು, ಊರು ಕೇರಿ ವಿಚಾರಿಸಿ, ಹಮೀದಾ ಬೀ ಕೈಯಿಂದ ತಟ್ಟೆಯ ಸದ್ದು ಮಾಡಿಸಿ ನೋಡಿದ. ಎಂಟು ಸಲಕ್ಕೆ ಎಂಟು ಸಲವೂ ಆರೇ.

ಒಂಬತ್ತನೆಯ ಸಲ ಸದ್ದಾಗದಂತೆ ಗಾಲಿಯನ್ನು ಆರಕ್ಕೆ ಇಟ್ಟು ಕೊಟ್ಟ.

ಆರು ಟಿಕ್. ರಾಜಾಸಾಬ ಪೆಟ್ಟಿಗೆಯನ್ನು ಮುಂದೆ ಚಾಚಿದ.

"ಮುನ್ನೂರು," ಎಂದ.

ಪೆಟ್ಟಿಗೆಯ ಮೇಲೆ ಮೂರು ಸೊನ್ನೆಗಳಿದ್ದವು.

ಹಾಲೇಶಪ್ಪ ಅದನ್ನು ಕೈಗೆ ತೆಗೆದುಕೊಂಡ. ಸ್ಫೋಟದ ಹಿಂದಿನ ರಾತ್ರಿ ಯಾರೋ ಕಪಾಟಿನ ಬೀಗ ತೆಗೆದು, ಒಂದು ಗಾಲಿಯನ್ನು ಮೂರೇ ಮೂರು ಹಲ್ಲು ಸರಿಸಿದ್ದರು. ಅಷ್ಟೇ ಕೆಲಸ. ಉಳಿದದ್ದನ್ನು ಈ ಮನುಷ್ಯನ ಕೈ ಮಾಡಿತ್ತು.

"ನೀವು ಎಣಿಕೆ ತಪ್ಪಿಲ್ಲ," ಎಂದ. "ಗಾಲಿ ಅವತ್ತು ಒಂಬತ್ತರಾಗೆ ಇರ್ಲಿಲ್ಲ. ಯಾರೋ ಮೊದ್ಲೇ ಆರಕ್ಕೆ ತಂದಿಟ್ಟಿದ್ರು."

ರಾಜಾಸಾಬನ ಮುಖ ಸಡಿಲವಾಗುತ್ತದೆಂದು ಅವನು ಎಣಿಸಿದ್ದ. ಆಗಲಿಲ್ಲ. ಆ ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗಿತು.

"ತಪ್ಪಿದ್ರ ಚಲೋ ಇತ್ತು ಸಾಬ್," ಎಂದ. "ತಪ್ಪಿದ್ರ ನಂದಾಗತಿತ್ತು. ಈಗ ನೋಡ್ರಿ, ಇನ್ನೊಬ್ರಿಗಾಗಿ ನಾನೇ ಅವನ್ನ ಕೊಂದಂಗಾತು."

ನೀವು ಎಣಿಸಿ ಇಳಿಸುತ್ತೀರಿ ಎಂಬುದು ಯಾರಿಗೆ ಗೊತ್ತಿತ್ತು ಎಂದು ಹಾಲೇಶಪ್ಪ ಕೇಳಿದ. ಉಚ್ಚಂಗೆಪ್ಪನಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದು ರಾಜಾಸಾಬ ಗೋಡೆಗೆ ಹೇಳಿದ.

ಹಮೀದಾ ಬೀ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಗಂಡನಿಗೂ ಈವರೆಗೆ ತಿಳಿಸದ ಒಂದು ಮಾತಿದೆ ಎಂದಳು.

ಸ್ಫೋಟಕ್ಕೆ ಎರಡು ವಾರ ಮೊದಲು ಅವಳಿಗೆ ತಡೆಯಲಾಗಿರಲಿಲ್ಲ. ಈ ಕಣ್ಣಿನಲ್ಲಿ ಇವರು ಯಾರನ್ನಾದರೂ ಕೊಲ್ಲುತ್ತಾರೆ ಎಂದು ಹೆದರಿ, ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನ ಹತ್ತಿರ ಎಲ್ಲವನ್ನೂ ಬರೆಸಿದ್ದಳು. ಅಂಕಿ ಕಾಣುವುದಿಲ್ಲ, ಒಂಬತ್ತರಿಂದ ಆರು ಎಣಿಸಿ ಇಳಿಸುತ್ತಾರೆ, ದಯವಿಟ್ಟು ಇವರನ್ನು ಮದ್ದಿನ ಕೆಲಸದಿಂದ ಬಿಡಿಸಿರಿ, ಬೇರೆ ಯಾವ ಕೂಲಿಯಾದರೂ ಕೊಡಿಸಿರಿ ಎಂದು. ಅದನ್ನು ಠಾಣೆಗೆ ಕೊಟ್ಟು ಬಂದಿದ್ದಳು. ಬಾಗಿಲಲ್ಲಿದ್ದ ಪೇದೆ ಒಳಗೆ ತೆಗೆದುಕೊಂಡು ಹೋಗಿ, ಸಹಿ ಮುದ್ರೆ ಹಾಕಿಸಿ, ಒಂದು ಪ್ರತಿಯನ್ನು ಅವಳಿಗೆ ಕೊಟ್ಟಿದ್ದ. ಯಾರೂ ವಿಚಾರಿಸಲು ಬರಲಿಲ್ಲ.

ಮಂಚದ ಕೆಳಗಿನ ಚೀಲದಿಂದ ಅವಳು ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೊಟ್ಟಳು.

ಹಾಲೇಶಪ್ಪ ಬಿಡಿಸಿದ. ಅರ್ಜಿ ಬರೆದುಕೊಟ್ಟವನ ದುಂಡನೆಯ ಅಕ್ಷರ ಪುಟದ ತುಂಬ ಇತ್ತು. ಎಡಗಡೆಯ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು: ಅರ್ಜಿಯ ಮೂಲ ಪ್ರತಿಯನ್ನು ಕ್ವಾರಿಯ ಮಾಲೀಕರಿಗೆ, ತಿಳುವಳಿಕೆಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ ಕಳಿಸಿದೆ. ಕೆಳಗೆ ಸಹಿ, ಅದರ ಕೆಳಗೆ ಹೆಸರಿನ ಮುದ್ರೆ.

ಆ ಸಾಲು ಬರೆದದ್ದು ಅವನಿಗೆ ನೆನಪಿರಲಿಲ್ಲ. ಆ ತಾರೀಕು ಯಾವ ವಾರ ಎಂಬುದೂ ನೆನಪಿಗೆ ಬರಲಿಲ್ಲ. ದಿನಕ್ಕೆ ಮೂವತ್ತು ಕಾಗದಗಳ ಮೇಲೆ ಓದದೆ ಬರೆಯುವ ಸಾಲು ಅದು. ಅರ್ಜಿ ಕ್ವಾರಿಗೆ ಹೋಗಿದೆ. ಕಪಾಟಿನ ಬೀಗದ ಕೈ ಇದ್ದ ಇಬ್ಬರಲ್ಲಿ ಒಬ್ಬನು ಅದನ್ನು ಕುಳಿತು ಓದಿದ್ದಾನೆ, ಆರು ಮತ್ತು ಒಂಬತ್ತರ ಲೆಕ್ಕ ಹಾಕಿದ್ದಾನೆ.

"ಸಾಹೇಬ್ರ," ಎಂದಳು ಹಮೀದಾ ಬೀ. "ನನಗ ಕನ್ನಡ ಓದಾಕ ಬರಂಗಿಲ್ಲ. ಇವ್ರಿಗೆ ಕಣ್ಣು ಹೋದ್ವು. ಕೆಳಗ ಸಹಿ ಮಾಡ್ಯಾರಲ್ರಿ, ಅವ್ರ ಹೆಸರೇನೈತಿ ಓದಿ ಹೇಳ್ರಿ."

ಗೋಡೆಗೆ ತಿರುಗಿದ್ದ ರಾಜಾಸಾಬ ಇತ್ತ ಹೊರಳಿದ.

"ಹಾಲೇಶಪ್ಪ," ಎಂದ ಹಾಲೇಶಪ್ಪ.

ಮರೆಯಬಾರದೆಂದು ಅವಳು ಆ ಹೆಸರನ್ನು ಬಾಯೊಳಗೆ ಎರಡು ಸಲ ಹೇಳಿಕೊಂಡಳು. ಆಮೇಲೆ ಕಾಗದಕ್ಕಾಗಿ ಕೈ ಚಾಚಿ ಕೇಳಿದಳು.

"ಅವ್ರು ಈಗ ಯಾವ ಠಾಣ್ಯಾಗ ಅದಾರ್ರಿ?"